ಮಾತಿಗೂ ರಿವ್ಯೂ ಬೇಕು: ಲಿನಕ್ಸ್ ಕರ್ನೆಲ್‌ನ ನಡವಳಿಕೆ ಸಂಹಿತೆಯ ಪ್ರಕರಣ

2018ರ ಸೆಪ್ಟೆಂಬರ್ 16, ಭಾನುವಾರ. ಲಿನಕ್ಸ್ ಕರ್ನೆಲ್ ಅಂದರೆ ಕಂಪ್ಯೂಟರ್‌ನ ಯಂತ್ರಕ್ಕೂ ಪ್ರೋಗ್ರಾಮ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ತಿರುಳಿನ ಸಾಫ್ಟ್‌ವೇರ್. ಅದರ 4.19ರ ನಾಲ್ಕನೇ ಪರೀಕ್ಷಾ ಆವೃತ್ತಿ ಅಂದು ಹೊರಬಂತು. ಹೊಸ ಕರ್ನೆಲ್ ಸಿದ್ಧವಾಗುವ ಕಾಲದಲ್ಲಿ ಭಾನುವಾರಕ್ಕೊಂದು ಇಂಥ ಬಿಡುಗಡೆ, ಅದರ ಜೊತೆಗೆ ಕರ್ನೆಲ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅವರ ಒಂದು ಇಮೇಲ್ ಬರುವುದು ವಾಡಿಕೆ. ಯಾವ ಡ್ರೈವರ್ (ಒಂದೊಂದು ಸಾಧನವನ್ನು ನಡೆಸುವ ಕೋಡ್) ಬದಲಾಯಿತು, ಯಾವ ಬಗ್ ಸರಿಹೋಯಿತು ಅನ್ನುವ ವಿವರ ಅದರಲ್ಲಿರುತ್ತದೆ. ಅಂದಿನ ಇಮೇಲ್‌ನಲ್ಲಿ ಆ ವಿವರ ಕಮ್ಮಿ ಇತ್ತು. ಉಳಿದದ್ದೆಲ್ಲ ಅವರು ತಮ್ಮ ಬಗ್ಗೆಯೇ ಬರೆದುಕೊಂಡದ್ದು.

ಅವರು ಕ್ಷಮೆ ಕೇಳಿದ್ದರು. ಇಮೇಲ್‌ಗಳಲ್ಲಿ ಹಿಂದುಮುಂದು ನೋಡದೆ ಜನರ ಮೇಲೆ ಹರಿಹಾಯ್ದದ್ದು ಸರಿಯಲ್ಲ, ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಹೋದಾಗಲಂತೂ ಅದು ತೀರಾ ತಪ್ಪು ಎಂದು ಒಪ್ಪಿಕೊಂಡಿದ್ದರು. ಸ್ವಲ್ಪ ಕಾಲ ಕೆಲಸದಿಂದ ದೂರ ಇರುತ್ತೇನೆ, ಬೇರೆಯವರ ಭಾವನೆ ಅರ್ಥ ಮಾಡಿಕೊಂಡು ಸರಿಯಾಗಿ ನಡೆದುಕೊಳ್ಳುವುದನ್ನು ಕಲಿಯಲು ಸಹಾಯ ಪಡೆಯುತ್ತೇನೆ ಎಂದಿದ್ದರು. 4.19ನ್ನು ಮುಗಿಸುವ ಹೊಣೆ ಕರ್ನೆಲ್‌ನ ಹಿರಿಯ ಡೆವಲಪರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರಿಗೆ ಹೋಯಿತು. ಅದೇ ಹೊತ್ತಿಗೆ ಕರ್ನೆಲ್‌ನ ಸೋರ್ಸ್ ಕೋಡ್ ಒಳಗಿದ್ದ ಒಂದು ಪುಟ್ಟ ಫೈಲ್ ಹೋಗಿ ಇನ್ನೊಂದು ಬಂತು. ಹೋದದ್ದು ಕೋಡ್ ಆಫ್ ಕಾನ್‌ಫ್ಲಿಕ್ಟ್. ಬಂದದ್ದು ಕೋಡ್ ಆಫ್ ಕಾಂಡಕ್ಟ್, ಅಂದರೆ ನಡವಳಿಕೆ ಸಂಹಿತೆ.

ಆ ಒಂದು ಫೈಲ್‌ಗಾಗಿ ಮುಂದಿನ ಐದು ವಾರ ನಡೆದ ಜಗಳ, ಆಮೇಲೆ ಆರು ವರ್ಷಕ್ಕೆ ಅದಕ್ಕೆ ಎದುರಾದ ದೊಡ್ಡ ಪರೀಕ್ಷೆ, ಇವೆರಡನ್ನೂ ಒಟ್ಟಿಗೆ ನೋಡಿದರೆ ಈ ಪ್ರಕರಣ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಹಿತೆ ಬೇಕೇ ಬೇಕಿತ್ತು. ಅದನ್ನು ತಂದ ರೀತಿ ತಪ್ಪಾಗಿತ್ತು. ಆದರೂ ಅದು ಉಳಿದುಕೊಂಡಿತು, ಯಾಕೆಂದರೆ ಉಳಿದ ಕೋಡ್‌ನಂತೆ ಅದನ್ನೂ ಜನ ಪ್ಯಾಚ್ (ಬದಲಾವಣೆಯ ತುಣುಕು) ಕಳಿಸಿ ತಿದ್ದಲು ಶುರು ಮಾಡಿದರು.

ಕೆಲಸ ನಡೆಯುವ ಬಗೆ

ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ಕರ್ನೆಲ್ ಇವತ್ತು ಫೋನ್‌ನಿಂದ ಸೂಪರ್‌ಕಂಪ್ಯೂಟರ್‌ವರೆಗೆ ಎಲ್ಲ ಕಡೆ ಇದೆ. 2017ರ ವರದಿಯೊಂದರ ಪ್ರಕಾರ 2005ರಿಂದ ಅಲ್ಲಿಯವರೆಗೆ ಸುಮಾರು 15,600 ಜನ ಅದಕ್ಕೆ ಕೋಡ್ ಬರೆದಿದ್ದರು. ಅವರ ಹಿಂದೆ 1,400ಕ್ಕೂ ಹೆಚ್ಚು ಕಂಪನಿಗಳಿದ್ದವು. ಅಂದರೆ ಬರೆಯುವವರಲ್ಲಿ ಜಾಸ್ತಿ ಜನ ಸಂಬಳಕ್ಕೆ ಕೆಲಸ ಮಾಡುವವರು, ಆದರೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಯಜಮಾನ. ಎಲ್ಲರಿಗೂ ಸೇರಿ ಒಂದು ಎಚ್‌ಆರ್ ವಿಭಾಗ ಇಲ್ಲ. ಒಂದು ದೇಶದ ಕಾನೂನೂ ಇಲ್ಲ.

ಕೆಲಸವೆಲ್ಲ ಇಮೇಲ್‌ನಲ್ಲೇ. ನೀವು ಒಂದು ಬದಲಾವಣೆ ಮಾಡುತ್ತೀರಿ, ಅದನ್ನು ಪ್ಯಾಚ್ ಮಾಡಿ ಮೇಲಿಂಗ್ ಲಿಸ್ಟ್‌ಗೆ, ಅಂದರೆ ಸದಸ್ಯರೆಲ್ಲರಿಗೂ ಇಮೇಲ್ ತಲುಪಿಸುವ ಒಂದು ವಿಳಾಸಕ್ಕೆ ಕಳಿಸುತ್ತೀರಿ. ಆ ಭಾಗ ನೋಡಿಕೊಳ್ಳುವ ಮೇಂಟೇನರ್ ಓದುತ್ತಾರೆ. ಬೇರೆಯವರೂ ಓದುತ್ತಾರೆ. ತಪ್ಪು ಹುಡುಕುತ್ತಾರೆ, ಮತ್ತೆ ಬರೆಯಿರಿ ಎನ್ನುತ್ತಾರೆ. ಎರಡನೇ ಸಲ, ಮೂರನೇ ಸಲ, ಕೆಲವೊಮ್ಮೆ ಹತ್ತನೇ ಸಲ ಕಳಿಸಬೇಕಾಗುತ್ತದೆ. ಒಪ್ಪಿಗೆಯಾದರೆ ಪ್ಯಾಚ್‌ನ ಕೆಳಗೆ ಸೈನ್ಡ್-ಆಫ್-ಬೈ, ರಿವ್ಯೂಡ್-ಬೈ ಎಂದು ಹೆಸರುಗಳು ಸೇರುತ್ತಾ ಹೋಗುತ್ತವೆ. ಯಾರು ಬರೆದರು, ಯಾರು ನೋಡಿದರು, ಯಾರು ಹೊಣೆ ಹೊತ್ತರು ಎಲ್ಲವೂ ಬಹಿರಂಗ.

ಒಮ್ಮೆ ಹೋದ ಇಮೇಲ್ ವಾಪಸ್ ಬರುವುದಿಲ್ಲ ಅನ್ನುವುದನ್ನೂ ನೆನಪಿಡಬೇಕು. ಸಾವಿರಾರು ಜನರ ಇನ್‌ಬಾಕ್ಸ್‌ಗೆ ಅದು ತಲುಪಿರುತ್ತದೆ, ಆರ್ಕೈವ್‌ನಲ್ಲಿ ಕೂತಿರುತ್ತದೆ. ಹತ್ತು ವರ್ಷದ ನಂತರ ನಿಮ್ಮ ಹೆಸರು ಹುಡುಕಿದವರಿಗೂ ಅವತ್ತು ನೀವು ತಿಂದ ಬೈಗುಳ ಸಿಗುತ್ತದೆ.

ಒಂದು ಬೈಗುಳದ ಒಳಗೆ

2012ರ ಡಿಸೆಂಬರ್ 23ರ ಒಂದು ಇಮೇಲ್ ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ. ಮೀಡಿಯಾ ವಿಭಾಗದಲ್ಲಿ ಆದ ಒಂದು ಬದಲಾವಣೆಯಿಂದ ಬಳಕೆದಾರರ ಆಡಿಯೊ ಪ್ರೋಗ್ರಾಮ್ ಕೈಕೊಟ್ಟಿತ್ತು. ಆ ವಿಭಾಗದ ಮೇಂಟೇನರ್, ಇದು ಆ ಪ್ರೋಗ್ರಾಮ್‌ನ ತಪ್ಪಿರಬಹುದು ಎಂಬರ್ಥದಲ್ಲಿ ಉತ್ತರಿಸಿದರು. ಟೊರ್ವಾಲ್ಡ್ಸ್ ಉರಿದುಬಿದ್ದರು. ಬಾಯಿ ಮುಚ್ಚು ಎನ್ನುವುದನ್ನು ಕೆಟ್ಟ ಬೈಗುಳ ಸೇರಿಸಿ, ದೊಡ್ಡಕ್ಷರದಲ್ಲಿ ಬರೆದರು.

ಆ ಇಮೇಲ್‌ನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ತಾಂತ್ರಿಕವಾಗಿ ಇದ್ದದ್ದು ಮೂರು ಮಾತು. ಸಾಧನಕ್ಕೆ ಕೊಡುವ ಸೂಚನೆ ವಿಫಲವಾದಾಗ 'ಅಂಥ ಫೈಲ್ ಇಲ್ಲ' ಎಂಬ ಎರರ್ ಕೋಡ್ ವಾಪಸ್ ಕೊಡುವುದು ತಪ್ಪು, ಇದು ಒಂದು. ಕರ್ನೆಲ್ ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಮ್ ಕೆಟ್ಟರೆ ಅದು ಕರ್ನೆಲ್‌ನದೇ ಬಗ್, ಇದು ಎರಡು. ಅಂಥ ಹೊತ್ತಿನಲ್ಲಿ ಬಳಕೆದಾರರ ಪ್ರೋಗ್ರಾಮ್‌ನ್ನು ದೂರಬಾರದು, ಇದು ಮೂರು. ಮೂರೂ ಸರಿ. ಎರಡನೆಯದಂತೂ ಲಿನಕ್ಸ್‌ನ ಅತಿ ದೊಡ್ಡ ಬಲ. ಇನ್ನು ಬೈಗುಳವನ್ನೆಲ್ಲ ಅಳಿಸಿ ಓದಿ. ಒಂದು ತಾಂತ್ರಿಕ ಅಂಶವೂ ಕಳೆದುಹೋಗುವುದಿಲ್ಲ.

'ಒರಟು ಮಾತಿನಿಂದಲೇ ಕೋಡ್‌ನ ಗುಣಮಟ್ಟ ಉಳಿದಿದೆ' ಎನ್ನುವವರಿಗೆ ನಾನು ತೋರಿಸುವುದು ಈ ಇಮೇಲನ್ನೇ. ಗುಣಮಟ್ಟ ಉಳಿಸಿದ್ದು ಆ ಮೂರು ಮಾತು. ಬೈಗುಳ ಮಾಡಿದ ಕೆಲಸ ಬೇರೆಯೇ. ಅದನ್ನು ಓದಿದ ಎಷ್ಟೋ ಹೊಸಬರು ತಮ್ಮ ಮೊದಲ ಪ್ಯಾಚ್ ಕಳಿಸುವ ಮುಂಚೆ ಕೈ ತಡೆದಿರುತ್ತಾರೆ. ಹಾಗೆ ತಡೆದವರ ಲೆಕ್ಕ ಯಾವ ಆರ್ಕೈವ್‌ನಲ್ಲೂ ಇರುವುದಿಲ್ಲ ಅಲ್ವಾ?

2013ರ ಜುಲೈನಲ್ಲಿ ಒಬ್ಬರು ಇದನ್ನು ಲಿಸ್ಟ್‌ನಲ್ಲೇ ಎದುರಿಗೆ ಹೇಳಿದರು. ಯುಎಸ್‌ಬಿ 3.0 ಡ್ರೈವರ್ ಬರೆದು ನೋಡಿಕೊಳ್ಳುತ್ತಿದ್ದ ಸೇಜ್ ಶಾರ್ಪ್ ಅವರು, ಮಾತಿನ ಹಿಂಸೆಯೂ ಹಿಂಸೆಯೇ, ಇದನ್ನು ಒಪ್ಪಲಾಗದು ಎಂದು ನೇರವಾಗಿ ಬರೆದರು. ಟೊರ್ವಾಲ್ಡ್ಸ್ ಕೊಟ್ಟ ಉತ್ತರ ಈಗಲೂ ಓದಬೇಕಾದದ್ದು. ನಾನು ಮನೆಯಲ್ಲಿ ಬಾತ್‌ರೋಬ್ ಹಾಕಿಕೊಂಡು ಕೆಲಸ ಮಾಡುವವನು, ಟೈ ಕಟ್ಟಿಕೊಳ್ಳಲು ಹೋಗುವುದಿಲ್ಲ, ಹಾಗೆಯೇ ಸುಳ್ಳು ವಿನಯವನ್ನೂ ಆಫೀಸ್ ರಾಜಕೀಯವನ್ನೂ ಬೆನ್ನಿಗೆ ಚೂರಿ ಹಾಕುವುದನ್ನೂ ಕಲಿಯುವುದಿಲ್ಲ ಎಂಬುದು ಅದರ ಸಾರ.

ಈ ಉತ್ತರವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನಯವಾದ ಮಾತಿನ ಹಿಂದೆ ಜನರನ್ನು ಮೂಲೆಗುಂಪು ಮಾಡುವ ಜಾಗಗಳು ಇವೆ. ನಾನಾ ದೇಶದವರು ಎರಡನೇ ಭಾಷೆಯಾಗಿ ಇಂಗ್ಲಿಷ್ ಬಳಸುವ ಕಡೆ ಸುತ್ತುಬಳಸಿ ಹೇಳಿದ್ದು ತಲುಪುವುದೂ ಇಲ್ಲ. 'ಇದನ್ನು ಇನ್ನೊಮ್ಮೆ ಯೋಚಿಸಬಹುದೇನೋ' ಎಂದು ಮೇಂಟೇನರ್ ಬರೆದರೆ ಒಬ್ಬರು ಅದನ್ನು ನಿರಾಕರಣೆ ಎಂದು ಓದುತ್ತಾರೆ, ಇನ್ನೊಬ್ಬರು ಹೆಚ್ಚುಕಮ್ಮಿ ಒಪ್ಪಿಗೆ ಎಂದು ಓದಿ ಎರಡು ವಾರ ಕಾಯುತ್ತಾರೆ. ಈ ಪ್ಯಾಚ್ ಬೇಡ, ಕಾರಣ ಇಂತಿಂಥದ್ದು ಎಂದು ನೇರವಾಗಿ ಹೇಳುವುದೇ ಅಲ್ಲಿ ಉಪಕಾರ. ಆದರೆ ನೇರ ಮಾತು ಬೇರೆ, ಅವಮಾನ ಬೇರೆ. 'ಈ ಕೋಡ್ ಕೆಟ್ಟದಾಗಿದೆ' ಎನ್ನುವುದಕ್ಕೂ 'ನೀನು ದಡ್ಡ' ಎನ್ನುವುದಕ್ಕೂ ಇರುವ ಅಂತರ ಯಾವ ಭಾಷೆಯವರಿಗೂ ಗೊತ್ತಾಗುತ್ತದೆ. ಟೊರ್ವಾಲ್ಡ್ಸ್ ಅವರ ಉತ್ತರ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿತ್ತು.

2015ರ ಅರೆಮನಸ್ಸಿನ ಉತ್ತರ

2015ರ ಮಾರ್ಚ್‌ನಲ್ಲಿ ಕೋಡ್ ಆಫ್ ಕಾನ್‌ಫ್ಲಿಕ್ಟ್ ಬಂತು. ಬರೆದವರು ಕ್ರೋ-ಹಾರ್ಟ್‌ಮನ್. ಸುಮಾರು 60 ಡೆವಲಪರ್‌ಗಳು ಒಪ್ಪಿ ಹೆಸರು ಹಾಕಿದ್ದರು. ಬರೀ ಕೆಲವು ಸಾಲು. ನಿಮ್ಮ ಕೋಡ್‌ಗೆ ಕಟು ಟೀಕೆ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ ಎಂದು ಮೊದಲೇ ಹೇಳುತ್ತಿತ್ತು. ಯಾರಿಂದಾದರೂ ವೈಯಕ್ತಿಕ ನಿಂದನೆ, ಬೆದರಿಕೆ, ಮುಜುಗರ ಆದರೆ ಅದನ್ನು ಒಪ್ಪುವುದಿಲ್ಲ, ಕರ್ನೆಲ್ ಕೆಲಸಕ್ಕೆ ಬೆಂಬಲ ಕೊಡುವ ಸಂಸ್ಥೆ ಲಿನಕ್ಸ್ ಫೌಂಡೇಶನ್‌ನ ತಾಂತ್ರಿಕ ಸಲಹಾ ಮಂಡಳಿಗೆ ತಿಳಿಸಿ ಎನ್ನುತ್ತಿತ್ತು. ಒಬ್ಬರಿಗೊಬ್ಬರು ಚೆನ್ನಾಗಿ ನಡೆದುಕೊಳ್ಳಿ ಎಂದು ಮುಗಿಯುತ್ತಿತ್ತು.

ಮನಸ್ಸು ಒಳ್ಳೆಯದೇ. ಆದರೆ ದೂರು ಕೊಡಬೇಕಾದವರ ಜಾಗದಲ್ಲಿ ನಿಂತು ಇದನ್ನು ಓದಿ ನೋಡಿ. ಯಾವುದು ನಿಂದನೆ ಎಂದು ಎಲ್ಲೂ ಇಲ್ಲ. ದೂರು ಕೊಟ್ಟ ಮೇಲೆ ಏನಾಗುತ್ತದೆ, ಎಷ್ಟು ದಿನದಲ್ಲಿ ಆಗುತ್ತದೆ, ಗೊತ್ತಿಲ್ಲ. ದೂರು ಓದುವ ಮಂಡಳಿಯವರು ನಿಮ್ಮನ್ನು ಬೈದವರ ಜೊತೆ ಹತ್ತಿಪ್ಪತ್ತು ವರ್ಷ ಕೆಲಸ ಮಾಡಿದವರಿರಬಹುದು. ಬೈದದ್ದು ಟೊರ್ವಾಲ್ಡ್ಸ್ ಆದರಂತೂ ಮಂಡಳಿ ತಾನೇ ಏನು ಮಾಡೀತು?

ಆ ವರ್ಷದ ಅಕ್ಟೋಬರ್‌ನಲ್ಲಿ ಶಾರ್ಪ್ ತಾವು ಕರ್ನೆಲ್ ಕೆಲಸ ಬಿಟ್ಟದ್ದನ್ನು ಬಹಿರಂಗವಾಗಿ ಹೇಳಿದರು. ತಾಂತ್ರಿಕವಾಗಿ ನನಗೆ ಅಲ್ಲಿ ಗೌರವ ಇತ್ತು, ಮನುಷ್ಯರಾಗಿ ಗೌರವ ಕೇಳುವುದು ಮಾತ್ರ ಸಾಧ್ಯವಿರಲಿಲ್ಲ ಎಂಬರ್ಥದ ಅವರ ಮಾತು ನನಗೆ ಇಡೀ ಪ್ರಕರಣದಲ್ಲೇ ಅತ್ಯಂತ ನೋವಿನದು ಅನ್ನಿಸುತ್ತದೆ. ಕೋಟಿಗಟ್ಟಲೆ ಕಂಪ್ಯೂಟರ್‌ಗಳಲ್ಲಿ ಓಡುವ ಡ್ರೈವರ್ ಬರೆದವರು ಅವರು. ಅಂಥವರೇ ಹೋದರು.

ಐದು ವಾರದ ಜಗಳ

ಈಗ 2018ಕ್ಕೆ ಬರೋಣ. ಹಿನ್ನೆಲೆ ತುಸು ವಿಚಿತ್ರ. ಮೇಂಟೇನರ್‌ಗಳ ವಾರ್ಷಿಕ ಸಭೆ ವ್ಯಾಂಕೂವರ್‌ನಲ್ಲಿ ಆಗಬೇಕಿತ್ತು. ಟೊರ್ವಾಲ್ಡ್ಸ್ ದಿನ ತಪ್ಪಾಗಿ ನೋಡಿ ಅದೇ ಹೊತ್ತಿಗೆ ಕುಟುಂಬದ ಜೊತೆ ಸ್ಕಾಟ್‌ಲೆಂಡ್ ಪ್ರವಾಸ ಗೊತ್ತು ಮಾಡಿಕೊಂಡಿದ್ದರು. ಅವರಿಲ್ಲದೆ ಸಭೆ ನಡೆಸುವ ಬದಲು ಸಭೆಯನ್ನೇ ಸ್ಕಾಟ್‌ಲೆಂಡ್‌ನ ಎಡಿನ್‌ಬರೋಗೆ ಎತ್ತಿಕೊಂಡು ಹೋದರು. ಆ ಸಂದರ್ಭದಲ್ಲಿ ಸಮುದಾಯದವರೇ ಕೆಲವರು ಅವರ ವರ್ತನೆಯ ಬಗ್ಗೆ ಅವರೆದುರೇ ಮಾತಾಡಿದರು. ಕ್ಷಮಾಪಣೆ ಹುಟ್ಟಿದ್ದು ಅಲ್ಲಿಂದ.

ಹೊಸ ಸಂಹಿತೆಯನ್ನು ಅವರು ತಾವೇ ಬರೆಯಲಿಲ್ಲ. ಕೊರಲೈನ್ ಅಡಾ ಎಮ್ಕೆ 2014ರಲ್ಲಿ ರೂಪಿಸಿದ್ದ, ಯಾವ ಪ್ರಾಜೆಕ್ಟ್ ಬೇಕಾದರೂ ಬಳಸಬಹುದಾದ ಸಿದ್ಧ ಸಂಹಿತೆ ಕಾಂಟ್ರಿಬ್ಯೂಟರ್ ಕವನೆಂಟ್‌ನ 1.4 ಆವೃತ್ತಿಯನ್ನು ಸ್ವಲ್ಪ ತಿದ್ದಿ ತಂದರು. ಆ ಹೊತ್ತಿಗೆ ಸಾವಿರಾರು ಪ್ರಾಜೆಕ್ಟ್‌ಗಳು ಅದನ್ನೇ ಬಳಸುತ್ತಿದ್ದವು. ಹಳೆಯ ದಾಖಲೆ ಸಭ್ಯತೆ ಬೆಳೆಸುವ ಉದ್ದೇಶ ಸಾಧಿಸುತ್ತಿಲ್ಲ, ಸ್ಪಷ್ಟ ನಿಯಮಗಳು ಬೇರೆ ಕಡೆ ಫಲ ಕೊಟ್ಟಿವೆ ಎಂಬುದು ಬದಲಾವಣೆಯ ಜೊತೆ ಕೊಟ್ಟ ಕಾರಣ. ಸಹಿ ಹಾಕಿದವರು ಟೊರ್ವಾಲ್ಡ್ಸ್, ಕ್ರೋ-ಹಾರ್ಟ್‌ಮನ್ ಮತ್ತು ಮಂಡಳಿಯ ಕೆಲವರು. 2015ರಲ್ಲಿ ಸುಮಾರು 60 ಹೆಸರು, 2018ರಲ್ಲಿ ಬೆರಳೆಣಿಕೆಯಷ್ಟು. ಲಿಸ್ಟ್‌ನಲ್ಲಿ ಮುಂಚೆ ಚರ್ಚೆಯೇ ಆಗಿರಲಿಲ್ಲ.

ಕೋಡ್ ನಡುವೆ ಬರೆದಿಟ್ಟ ಟಿಪ್ಪಣಿಯಲ್ಲಿ ಒಂದು ಅಕ್ಷರ ತಿದ್ದಿದರೂ ಲಿಸ್ಟ್‌ಗೆ ಕಳಿಸಬೇಕಾದ ಜಾಗ ಅದು. ಅಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮ ಒಂದು ಭಾನುವಾರ ದಿಢೀರನೆ ಬಂದು ಕೂತಿತು. ಅವಸರದ ಕಾರಣ ನನಗೆ ಅರ್ಥವಾಗುತ್ತದೆ. ಕ್ಷಮೆ ಕೇಳಿ ಕೈಕಟ್ಟಿ ಕೂತರೆ ಸಾಲದು, ಏನಾದರೂ ಬದಲಾಗಿದ್ದು ಅದೇ ದಿನ ಕಾಣಬೇಕಿತ್ತು. ಬಹಿರಂಗ ಚರ್ಚೆಗೆ ಇಟ್ಟಿದ್ದರೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಅಷ್ಟಾದರೂ, ಕೇಳದೆ ತಂದ ನಿಯಮವನ್ನು 'ಇದು ನಮ್ಮದು' ಎಂದು ಜನ ಒಪ್ಪುವುದು ಕಷ್ಟ. ಅದೇ ಆಯಿತು.

ಎದ್ದ ಗದ್ದಲದಲ್ಲಿ ಬಹಳಷ್ಟು ಹೊರಗಿನದು. ಕರ್ನೆಲ್‌ಗೆ ಒಂದು ಪ್ಯಾಚ್ ಕೂಡ ಕಳಿಸದವರು ಸಂಹಿತೆಯ ಪಠ್ಯ ಬಿಟ್ಟು ಎಮ್ಕೆ ಅವರ ರಾಜಕೀಯ ನಿಲುವಿನ ಮೇಲೆ ಮುಗಿಬಿದ್ದರು. ಸಾಮರ್ಥ್ಯಕ್ಕೆ ಬೆಲೆ ಹೋಯಿತು, ಇನ್ನು ಕೋಡ್ ಒಪ್ಪುವುದು ಜನರ ಹಿನ್ನೆಲೆ ನೋಡಿ ಎಂಬ ಭಯ ಹಬ್ಬಿಸಿದರು. ಸಂಹಿತೆಯಲ್ಲಿ ಅಂಥ ಮಾತೇ ಇರಲಿಲ್ಲ. ಇನ್ನೊಂದು ಕಡೆಯಿಂದ, ಸಂಹಿತೆಯಡಿ ಯಾರನ್ನಾದರೂ ಹೊರಹಾಕಿದರೆ ಅವರು ತಮ್ಮ ಕೋಡ್‌ನ ಲೈಸೆನ್ಸ್ ಹಿಂತೆಗೆದುಕೊಳ್ಳಬಹುದು ಎಂಬ ವಾದ ಬಂತು. ಓಪನ್ ಸೋರ್ಸ್ ಬಗ್ಗೆ ಬರೆಯುವ ಎರಿಕ್ ರೇಮಂಡ್ ಆ ಬೆದರಿಕೆಗೆ ನಿಜಕ್ಕೂ ಬಲವಿದೆ ಎಂದು ಲಿಸ್ಟ್‌ಗೆ ಬರೆದರು. ಮುಕ್ತ ಸಾಫ್ಟ್‌ವೇರ್ ಪರ ಕೆಲಸ ಮಾಡುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ, ಕರ್ನೆಲ್‌ನ ಲೈಸೆನ್ಸ್ ಆದ ಜಿಪಿಎಲ್ ಎರಡನೇ ಆವೃತ್ತಿಯನ್ನು ಹಾಗೆ ಹಿಂತೆಗೆಯಲು ಬರುವುದಿಲ್ಲ ಎಂದು ವಿವರಿಸಿತು. ವಾದ ಅಲ್ಲಿಗೆ ತಣ್ಣಗಾಯಿತು.

ನನಗೆ ಮುಖ್ಯ ಅನ್ನಿಸುವುದು ಮೂರನೇ ದನಿ. ಅದು ಮೇಂಟೇನರ್‌ಗಳದು. ಅವರು ಸಭ್ಯತೆಯನ್ನು ವಿರೋಧಿಸಲಿಲ್ಲ. ಪಠ್ಯವನ್ನು ಸಾಲು ಸಾಲಾಗಿ ಓದಿ, ಇದು ನಮ್ಮಲ್ಲಿ ನಡೆಯುವುದು ಹೇಗೆ ಎಂದು ಕೇಳಿದರು.

ಮೊದಲ ಪ್ರಶ್ನೆ. ಸಂಹಿತೆಗೆ ಒಪ್ಪದ ಕಾಮೆಂಟ್‌ಗಳನ್ನು ಮೇಂಟೇನರ್ ಅಳಿಸಬೇಕು, ತಿದ್ದಬೇಕು ಎಂದಿತ್ತು. ವೆಬ್‌ಸೈಟ್ ಮೇಲೆ ನಡೆಯುವ ಪ್ರಾಜೆಕ್ಟ್‌ಗೆ ಇದು ಸರಿ, ಅಲ್ಲಿ ಒಂದು ಬಟನ್ ಒತ್ತಿದರೆ ಕಾಮೆಂಟ್ ಹೋಗುತ್ತದೆ. ಇಮೇಲ್ ಕಳಿಸಿ ಆದ ಮೇಲೆ ಯಾರು ಅಳಿಸುತ್ತಾರೆ?

ಎರಡನೆಯದು ಇನ್ನೂ ಸೂಕ್ಷ್ಮ. ಬೇರೆಯವರ ಇಮೇಲ್ ವಿಳಾಸವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸುವುದು ತಪ್ಪು ಎಂದಿತ್ತು. ಆದರೆ ಕರ್ನೆಲ್‌ನಲ್ಲಿ ಯಾರಾದರೂ ಬಗ್ ತೋರಿಸಿಕೊಟ್ಟರೆ ಕೃತಜ್ಞತೆಯಿಂದ ರಿಪೋರ್ಟೆಡ್-ಬೈ ಎಂದು ಅವರ ಹೆಸರು, ವಿಳಾಸ ಹಾಕುವುದು ರೂಢಿ. ಹಾಗಾದರೆ ಥ್ಯಾಂಕ್ಸ್ ಹೇಳುವುದೇ ಅಪರಾಧವೇ? ಇದನ್ನು ಎತ್ತಿ ತೋರಿಸಿ, ಸುಮ್ಮನೆ ದೂರದೆ, ತಿದ್ದುಪಡಿಯ ಪ್ಯಾಚ್ ಬರೆದು ಕಳಿಸಿದವರೂ ಇದ್ದರು.

ಮೂರನೆಯದು ಎಲ್ಲಕ್ಕಿಂತ ಭಾರದ್ದು. ಸಂಹಿತೆಯನ್ನು ಜಾರಿ ಮಾಡದ ಮೇಂಟೇನರ್‌ಗೆ ಶಾಶ್ವತ ಶಿಕ್ಷೆಯೂ ಆಗಬಹುದು ಎಂಬ ಸಾಲು ಅದರಲ್ಲಿತ್ತು. ಒಬ್ಬ ಮೇಂಟೇನರ್ ದಿನಕ್ಕೆ ನೂರಾರು ಇಮೇಲ್ ನೋಡುತ್ತಾರೆ. ಅದರಲ್ಲಿ ಯಾರೋ ಇಬ್ಬರು ಕಚ್ಚಾಡಿದ್ದು ಕಣ್ಣಿಗೆ ಬೀಳದೆ ಹೋದರೆ ಇವರು ಹೊಣೆಯೇ? ಇವರು ಕಲಿತದ್ದು ಮೆಮೊರಿ, ಲಾಕಿಂಗ್, ನೆಟ್‌ವರ್ಕ್. ಜಗಳ ಬಿಡಿಸುವುದನ್ನು ಯಾರೂ ಕಲಿಸಿಲ್ಲ. ನಾಳೆ ಇಬ್ಬರ ಪೈಕಿ ಒಬ್ಬರ ಪರ ತೀರ್ಪು ಕೊಟ್ಟು ಇನ್ನೊಬ್ಬರ ನೌಕರಿಗೆ ತೊಂದರೆಯಾದರೆ, ಬೇರೆ ದೇಶದ ಕೋರ್ಟ್‌ನಲ್ಲಿ ಉತ್ತರ ಕೊಡುವವರು ಯಾರು?

ಈ ಮೂರೂ ಪ್ರಶ್ನೆ ಸಂಹಿತೆಯ ವಿರೋಧಿಗಳ ನೆಪ ಎಂದು ಆಗ ಕೆಲವರು ಬದಿಗೆ ಸರಿಸಿದರು. ಅದು ದೊಡ್ಡ ತಪ್ಪು ಅನ್ನುತ್ತೇನೆ. ನಿಯಮ ಪಾಲಿಸುವ ಮನಸ್ಸಿರುವವರು ಮಾತ್ರ ಅದನ್ನು ಇಷ್ಟು ಹತ್ತಿರದಿಂದ ಓದುತ್ತಾರೆ.

ಅಕ್ಟೋಬರ್‌ನ ತಿದ್ದುಪಡಿ

ಅಕ್ಟೋಬರ್ ಮೂರನೇ ವಾರದಲ್ಲಿ ಕ್ರೋ-ಹಾರ್ಟ್‌ಮನ್ ಒಂದು ಪ್ಯಾಚ್ ಸರಣಿ ಕಳಿಸಿದರು. ಈ ಸಲ ಹಿಂದೆ ಸಾಕಷ್ಟು ಜನರ ಮಾತುಕತೆ ಇತ್ತು. ಮೇಂಟೇನರ್‌ಗಳಿಗೆ ಶಿಕ್ಷೆ ಎನ್ನುವ ಭಾಗದ ಮಾತು ಬದಲಾಯಿತು. ದೂರು ಕೊಡಲು ಪ್ರತ್ಯೇಕ ವಿಳಾಸ ಬಂತು. ಸಂಹಿತೆಯ ಪಕ್ಕದಲ್ಲಿ, ಅದನ್ನು ಕರ್ನೆಲ್‌ನಲ್ಲಿ ಹೇಗೆ ಓದಬೇಕು ಎಂದು ಹೇಳುವ ಎರಡನೇ ದಾಖಲೆಯೇ ಬಂತು.

ಆ ಎರಡನೇ ದಾಖಲೆ ಇಲ್ಲಿ ನಿಜವಾದ ಕೆಲಸ ಮಾಡಿದ್ದು. ಬೇರೆಯವರ ವರ್ತನೆಯನ್ನು ಮೇಂಟೇನರ್ ಒಬ್ಬರೇ ನಿಭಾಯಿಸಬೇಕು ಎಂಬ ಹೊಸ ಹೊರೆ ಇಲ್ಲ, ಅವರು ತಮ್ಮ ನಡತೆಯಿಂದ ದಾರಿ ತೋರಿದರೆ ಸಾಕು ಎಂದು ಅದು ಹೇಳಿತು. ಇಷ್ಟು ಪರಿಣತಿ ಬೇಕು ಎನ್ನುವುದು, ಹೀಗೆ ಬದಲಿಸಿ ಎಂದು ಕೇಳುವುದು, ಉಪಯೋಗವಿಲ್ಲದ ಕೊಡುಗೆಯನ್ನು ನಿರಾಕರಿಸುವುದು ಇವು ಯಾವುವೂ ಸಂಹಿತೆಯ ಉಲ್ಲಂಘನೆ ಅಲ್ಲ ಎಂದು ಸ್ಪಷ್ಟಪಡಿಸಿತು. ಕೋಡ್‌ನ ಗುಣಮಟ್ಟ ಹೋಯಿತು ಎಂದು ಹೆದರಿದ್ದವರಿಗೆ ಈ ಒಂದು ಸಾಲೇ ಉತ್ತರ. ಕೋಡ್ ಒಳಗಿನ ಹಳೆಯ ಟಿಪ್ಪಣಿಗಳಲ್ಲಿರುವ ಕೆಟ್ಟ ಪದಗಳನ್ನು ಉಲ್ಲಂಘನೆ ಎಂದು ಹಿಡಿಯುವುದಿಲ್ಲ, ಬಗ್ ಎಂದು ನೋಡುತ್ತೇವೆ, ಸರಿಮಾಡುವ ಆಸಕ್ತಿ ಇದ್ದವರು ಪ್ಯಾಚ್ ಕಳಿಸಬಹುದು ಎಂದೂ ಇತ್ತು.

ತೀರ್ಮಾನದ ದಾರಿಯನ್ನೂ ಬರೆದಿಟ್ಟರು. ದೂರು ಮೊದಲು ಸಂಹಿತೆ ಸಮಿತಿಗೆ ಹೋಗುತ್ತದೆ. ಜಗಳ ಬಿಡಿಸಿ ಅನುಭವ ಇರುವ ಮಧ್ಯಸ್ಥಗಾರರಾಗಿ ವಕೀಲೆ ಮಿಶಿ ಚೌಧರಿ ಬಂದರು. ಏನು ಮಾಡಬೇಕೆಂದು ತೋಚದ ಮೇಂಟೇನರ್ ಅವರನ್ನು ಕೇಳಬಹುದು, ಕೇಳಿದ ಮಾತ್ರಕ್ಕೆ ಅದು ದೂರು ಎಂದಾಗುವುದಿಲ್ಲ. ಸಮಿತಿಯ ತೀರ್ಮಾನವನ್ನು ಸಲಹಾ ಮಂಡಳಿ ಬದಲಿಸಬೇಕಾದರೆ ಮೂರನೇ ಎರಡು ಭಾಗದ ಮತ ಬೇಕು. ಮೂರು ತಿಂಗಳಿಗೊಮ್ಮೆ ಹೆಸರು ತೆಗೆದು ದೂರುಗಳ ಸಾರಾಂಶ ಪ್ರಕಟಿಸಬೇಕು. ಮಂಡಳಿ ತೀರ್ಮಾನ ಬದಲಿಸಿದ್ದರೆ ಯಾರು ಹೇಗೆ ಮತ ಹಾಕಿದರು ಎಂಬುದನ್ನು ಹೆಸರು ಸಮೇತ ಹೇಳಬೇಕು. ದೂರು ಕೊಟ್ಟವರಿಗೆ ಮರೆ, ಅಧಿಕಾರ ಇರುವವರಿಗೆ ಬೆಳಕು. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು.

ಹೀಗೆ ಬರೆದಿಡದೆ ಹೋದರೆ ಏನಾಗುತ್ತದೆ ಎಂಬುದು ಬೇರೆ ಕಡೆ ಕಾಣಿಸಿತು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯಕ್ಕೆ ಮೊದಲಿನಿಂದಲೂ ಒಳ್ಳೆಯ ಸಂಹಿತೆ ಇತ್ತು, ಅದನ್ನು ನೋಡಿಕೊಳ್ಳುವ ತಂಡವೂ ಇತ್ತು. 2021ರ ನವೆಂಬರ್‌ನಲ್ಲಿ ಆ ತಂಡ ಪೂರ್ತಿ ರಾಜೀನಾಮೆ ಕೊಟ್ಟಿತು. ಮೇಲಿನ ಕೋರ್ ತಂಡ ತಮಗೆ ತಾವೇ ಹೊರತು ಬೇರೆ ಯಾರಿಗೂ ಉತ್ತರದಾಯಿ ಅಲ್ಲದಂತೆ ಇದೆ ಎಂಬುದು ಅವರ ದೂರು. ಆಮೇಲೆ ಆಡಳಿತದ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕಾಯಿತು.

ಅಕ್ಟೋಬರ್ 22ರಂದು 4.19 ಬಿಡುಗಡೆಯಾಯಿತು. ಅದೇ ದಿನ ಎಡಿನ್‌ಬರೋದಲ್ಲಿ ಮೇಂಟೇನರ್‌ಗಳ ಸಭೆ. ಟೊರ್ವಾಲ್ಡ್ಸ್ ವಾಪಸ್ ಬಂದರು. ಕಟು ಇಮೇಲ್‌ಗಳು ಆಮೇಲೂ ಬಂದಿವೆ. ಆದರೆ 2012ರದ್ದರ ಪಕ್ಕದಲ್ಲಿಟ್ಟು ಓದಿದರೆ ಸಿಟ್ಟು ಮನುಷ್ಯನಿಂದ ಕೋಡ್ ಕಡೆಗೆ ಬಹುಮಟ್ಟಿಗೆ ಸರಿದದ್ದು ಕಾಣುತ್ತದೆ.

2024ರ ಪರೀಕ್ಷೆ

ಸಂಹಿತೆ ಬರೆಯುವುದಕ್ಕಿಂತ ಕಷ್ಟದ ದಿನ ಅದನ್ನು ಒಬ್ಬ ಒಳ್ಳೆಯ ಎಂಜಿನಿಯರ್ ಮೇಲೆ ಬಳಸಬೇಕಾದ ದಿನ. ಅದು 2024ರಲ್ಲಿ ಬಂತು.

ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕೋಡ್) ಮುಖ್ಯ ಲೇಖಕ ಕೆಂಟ್ ಓವರ್‌ಸ್ಟ್ರೀಟ್. ವರ್ಷಗಟ್ಟಲೆ ದುಡಿದು ಅದನ್ನು ಕರ್ನೆಲ್ ಒಳಗೆ ತಂದಿದ್ದರು. ಸೆಪ್ಟೆಂಬರ್ ಹೊತ್ತಿಗೆ ಮೆಮೊರಿ ಹಂಚಿಕೆಯ ಒಂದು ಫ್ಲ್ಯಾಗ್ (ಆಯ್ಕೆಯ ಗುರುತು) ಬಗ್ಗೆ ಅವರಿಗೂ ಮೆಮೊರಿ ವಿಭಾಗದ ಒಬ್ಬ ಅನುಭವಿ ಡೆವಲಪರ್‌ಗೂ ವಾದ ನಡೆಯಿತು. ವಾದ ಅಪ್ಪಟ ತಾಂತ್ರಿಕ. ಅದರ ನಡುವೆ ಓವರ್‌ಸ್ಟ್ರೀಟ್, ತಲೆ ಪರೀಕ್ಷೆ ಮಾಡಿಸಿಕೊ ಎಂದು ಬರೆದು, ಬೈಗುಳ ಸೇರಿಸಿ ಇಲ್ಲಿಂದ ತೊಲಗು ಎಂದರು.

ಸಮಿತಿ ಬಹಿರಂಗ ಕ್ಷಮೆ ಕೇಳಲು ಹೇಳಿತು. ಬೈದದ್ದು ಎಲ್ಲರೆದುರು, ಹಾಗಾಗಿ ಕ್ಷಮೆಯೂ ಎಲ್ಲರೆದುರೇ. ಸಮುದಾಯದ ನಂಬಿಕೆ ಮರಳಿ ಗಳಿಸಲು ಅವರು ಮಾಡಿದ್ದು ಸಾಲದು ಎಂದು ಸಮಿತಿಗೆ ಅನ್ನಿಸಿತು. ನವೆಂಬರ್ 22ರಂದು ಸಮಿತಿಯ ಪರವಾಗಿ ಶುವಾ ಖಾನ್ ತೀರ್ಮಾನ ಪ್ರಕಟಿಸಿದರು. 6.13 ಆವೃತ್ತಿ ಸಿದ್ಧವಾಗುವ ಅವಧಿಯಲ್ಲಿ ಓವರ್‌ಸ್ಟ್ರೀಟ್ ಅವರ ಭಾಗವಹಿಸುವಿಕೆಗೆ ನಿರ್ಬಂಧ, ಆ ಅವಧಿಯಲ್ಲಿ ಅವರ ಪುಲ್ ರಿಕ್ವೆಸ್ಟ್‌ಗಳನ್ನು (ತಮ್ಮ ಬದಲಾವಣೆಗಳನ್ನು ಕರ್ನೆಲ್‌ಗೆ ಸೇರಿಸಿ ಎಂಬ ಕೋರಿಕೆ) ತೆಗೆದುಕೊಳ್ಳುವುದಿಲ್ಲ. ಅದೇ ತಿಂಗಳು, ಉಲ್ಲಂಘನೆಯಾದರೆ ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂಬುದನ್ನು ವಿವರಿಸುವ ಪ್ಯಾಚ್ ಕೂಡ ದಾಖಲೆಗೆ ಸೇರಿತು.

ಇಲ್ಲಿ ಎರಡು ಆಕ್ಷೇಪ ಬಂದವು, ಎರಡಕ್ಕೂ ತೂಕ ಇದೆ. ಬೈದದ್ದು ಸೆಪ್ಟೆಂಬರ್ ಹೊತ್ತಿಗೆ, ಶಿಕ್ಷೆಯ ಬಗೆ ವಿವರವಾಗಿ ಬರೆದಿಟ್ಟದ್ದು ನವೆಂಬರ್‌ನಲ್ಲಿ. ಆರು ವರ್ಷ ಸಮಯವಿತ್ತು, ಮೊದಲೇ ಬರೆದಿಡಬಹುದಿತ್ತು. ಈ ತಪ್ಪು ಸಮಿತಿಯದೇ ಎಂದು ನನ್ನ ಅಭಿಪ್ರಾಯ. ಎರಡನೆಯದು ಬಳಕೆದಾರರ ಪರವಾದದ್ದು. ಫೈಲ್‌ಸಿಸ್ಟಮ್ ಅಂದರೆ ಜನರ ಫೋಟೋ, ದಾಖಲೆ, ವರ್ಷಗಳ ಕೆಲಸ ಇರುವ ಜಾಗ. ಲೇಖಕರ ಪುಲ್ ರಿಕ್ವೆಸ್ಟ್ ನಿಂತರೆ ಬಗ್ ಫಿಕ್ಸ್‌ಗಳೂ ತಡವಾಗುತ್ತವೆ. ಬೈದವರೊಬ್ಬರು, ಕಾಯುವವರು ಇನ್ನೊಬ್ಬರು.

ಈ ಎರಡನೇ ಆಕ್ಷೇಪದ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೇನೆ. ಕೊನೆಗೂ ತೀರ್ಮಾನ ಸರಿ ಅನ್ನಿಸಿದ್ದು ಒಂದು ಕಾರಣಕ್ಕೆ. ಫೈಲ್‌ಸಿಸ್ಟಮ್ ಒಬ್ಬರಿಂದ ನಿಲ್ಲುವುದಿಲ್ಲ. ಅದರ ಕೋಡ್ ಮೆಮೊರಿ ವಿಭಾಗದವರು ಓದಬೇಕು, ಡಿಸ್ಕ್ ಜೊತೆ ವ್ಯವಹರಿಸುವ ಬ್ಲಾಕ್ ಲೇಯರ್‌ನವರು ಓದಬೇಕು. ಓದಿ ತಪ್ಪು ತೋರಿಸಿದರೆ ಇಂಥ ಮಾತು ಕೇಳಬೇಕಾಗುತ್ತದೆ ಅಂತಾದರೆ ಅವರು ಓದುವುದನ್ನೇ ಬಿಡುತ್ತಾರೆ. ಆಗ ಅದೇ ಬಳಕೆದಾರರ ಡೇಟಾ ಅಪಾಯಕ್ಕೆ ಸಿಗುತ್ತದೆ. ಅದೂ ಒಂದು ಅವಧಿಗಲ್ಲ, ವರ್ಷಗಟ್ಟಲೆ. ನಿರ್ಬಂಧಕ್ಕೆ ಒಂದು ಆವೃತ್ತಿಯ ಗಡುವು ಇದ್ದದ್ದೂ ಮುಖ್ಯ. ಯಾವಾಗ ಮುಗಿಯುತ್ತದೆ ಎಂದು ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು.

6.13 ಹೊರಬಂದದ್ದು 2025ರ ಜನವರಿ 19ರಂದು. ಬೆನ್ನಲ್ಲೇ 6.14ರ ಕೆಲಸ ಶುರುವಾಯಿತು. ಓವರ್‌ಸ್ಟ್ರೀಟ್ ಎಂದಿನಂತೆ ಬಿಕ್ಯಾಶ್‌ಎಫ್‌ಎಸ್‌ನ ಪುಲ್ ರಿಕ್ವೆಸ್ಟ್ ಕಳಿಸಿದರು. ಟೊರ್ವಾಲ್ಡ್ಸ್ ಅದನ್ನು ತೆಗೆದುಕೊಂಡರು. ಅದೇ ವರ್ಷ ಮುಂದೆ ಮತ್ತೆ ಜಗಳವಾಗಿ ಬಿಕ್ಯಾಶ್‌ಎಫ್‌ಎಸ್ ಕರ್ನೆಲ್‌ನಿಂದ ಹೊರಗೆ ಹೋಯಿತು. ಆ ಜಗಳ ಶುರುವಾದದ್ದು ಬಿಡುಗಡೆ ಹತ್ತಿರ ಬಂದಾಗ ಹೊಸ ಕೋಡ್ ಕಳಿಸಬಹುದೇ ಎಂಬ ಪ್ರಶ್ನೆಯಿಂದ, ಅದರ ಕಥೆಯೇ ಬೇರೆ. ಸಂಹಿತೆಯಡಿ ವಿಧಿಸಿದ ನಿರ್ಬಂಧ ಮಾತ್ರ ಹೇಳಿದ ದಿನಕ್ಕೆ ಮುಗಿದಿತ್ತು.